ಕುಪ್ಪೆ ಗ್ಯಾಸಿನಲ್ಲಿ ಉಕ್ಕಿದ ಹಾಲು

ಹಾಲು ಉಕ್ಕಿದ್ದು ಕುಪ್ಪೆ ಗ್ಯಾಸಿನಿಂದಲ್ಲ. ನಮ್ಮ ನಿಮ್ಮ ಮನೆಗೆ ಬರೋ ಕೆಂಪು ಸಿಲಿಂಡರಿನಿಂದ. ಮಿಕ್ಕಿದ್ದೆಲ್ಲ ಭಾಷಣ.

ಪೇಪರಿನಲ್ಲಿ ಬೇರೆ ಥರ ಬಂದಿದೆಯಂತೆ. ಬರಲಿ. ಪೇಪರಿನವರು ಮುಂದಿನ ಸಾಲಿನಲ್ಲಿ ಕೂತು ಬೋಂಡ ತಿಂತಿದ್ರು. ನಾನು ಒಲೆ ಪಕ್ಕ ನಿಂತಿದ್ದೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಚೆನ್ನೈನ ಉತ್ತರದ ಅಂಚಿನಲ್ಲಿ ನಮ್ಮ ಬೀದಿ. ಬೀದಿ ಮುಗಿಯೋ ಕಡೆ ಕಸದ ಗುಡ್ಡ. ಇಲ್ಲಿಯವರ ಬಾಯಲ್ಲಿ ಕಸ ಅಂದ್ರೆ ಕುಪ್ಪೆ. ಊರಿನವರು ತಿಂದು ಬಿಟ್ಟ ಅನ್ನ, ಮುಡಿದು ಬಿಸಾಕಿದ ಹೂವು, ಕಿತ್ತುಹೋದ ಹಾಸಿಗೆ ಎಲ್ಲ ಅಲ್ಲೇ ಕೊಳೆಯೋದು. ಕೊಳೆತದ್ದರೊಳಗೆ ಗ್ಯಾಸ್ ಹುಟ್ಟುತ್ತೆ. ಬೇಸಿಗೆ ಬಂದ್ರೆ ಅದಕ್ಕೆ ಬೆಂಕಿ ಹತ್ತುತ್ತೆ. ಒಂದು ಸಲ ಹತ್ತಿದ್ರೆ ವಾರಗಟ್ಟಲೆ ಹೊಗೆ.

ನನ್ನ ಸೊಸೆ ಶೋಭಾಗೆ ಉಬ್ಬಸ. ಹೋದ ಬೇಸಿಗೆಯಲ್ಲಿ ಎರಡು ಸಲ ಆಸ್ಪತ್ರೆಗೆ ಸೇರಿಸಿದ್ವಿ. (ಸೊಸೆ ಮೇಲೆ ನನಗೆ ಅಂಥಾ ಮಮತೆಯೇನೂ ಇಲ್ಲ. ಅವಳಿಗೂ ನನ್ನ ಮೇಲಿಲ್ಲ. ಹಾಗಂತ ಪಕ್ಕದ ರೂಮಿನಲ್ಲಿ ಒಬ್ಬಳು ಉಸಿರಿಗೆ ಒದ್ದಾಡ್ತಿದ್ರೆ ಕೂತು ಸೊಪ್ಪು ಬಿಡಿಸೋಕಾಗುತ್ತಾ?)

ಹೀಗಿರುವಾಗ ನಮ್ಮ ನಗರಸಭೆಯವರಿಗೆ ಜ್ಞಾನೋದಯವಾಯ್ತು. ಗುಡ್ಡಕ್ಕೆ ಪೈಪ್ ಇಳಿಸೋದು, ಗ್ಯಾಸ್ ಎಳೆಯೋದು, ಮಾರೋದು. ಒಳ್ಳೇದೇ ಅಲ್ವಾ? ಯಾರಿಗೆ, ಹೇಗೆ ಮಾರೋದು ಅಂತ ಜನರನ್ನ ಕೇಳೋಕೆ ಕಲ್ಯಾಣಮಂಟಪದಲ್ಲಿ ಮೀಟಿಂಗ್ ಇಟ್ಟರು. ನಾನು, ಎದುರು ಮನೆ ಸೆಲ್ವಿ ಇಬ್ಬರೂ ಹೋದ್ವಿ.

ಅಲ್ಲಿ ಎರಡು ಗುಂಪು. ಗ್ಯಾಸಿನಿಂದ ಕರೆಂಟ್ ತೆಗೆದು ಮಾರಬೇಕು ಅಂತ ಒಂದು. ಇಲ್ಲ, ಪೈಪ್ ಹಾಕಿ ಎಣ್ಣೂರಿನ ಕಡೆ ಒಂದು ಫ್ಯಾಕ್ಟರಿಗೆ ಕೊಡಬೇಕು ಅಂತ ಇನ್ನೊಂದು. ಎರಡು ಗಂಟೆ ಕಿತ್ತಾಡಿದರು. ಗುಡ್ಡಕ್ಕೆ ಇನ್ನೂ ಒಂದು ಬುಟ್ಟಿ ಮಣ್ಣು ಬಿದ್ದಿಲ್ಲ. ಮೇಲೆ ಮಣ್ಣು ಮುಚ್ಚದೆ ಒಳಗೆ ಗ್ಯಾಸ್ ನಿಲ್ಲುತ್ತಾ, ಬೆಂಕಿ ತಪ್ಪುತ್ತಾ? ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ. ಇಲ್ಲಿ ಕುಲಾವಿ ಹೊಲಿಯೋಕೆ ಇಬ್ಬರು ಟೈಲರ್‌ಗಳು ಜಗಳಕ್ಕೆ ಬಿದ್ದಿದ್ರು.

ಗಲಾಟೆ ಜಾಸ್ತಿ ಆದಾಗ ನಗರಸಭೆ ಇಂಜಿನಿಯರ್ ಎದ್ದು, ಗುಡ್ಡದ ಗ್ಯಾಸಿನಲ್ಲೇ ಈಗ ಹಾಲು ಉಕ್ಕಿಸ್ತೀವಿ ಅಂದ. ಬಿಳಿ ಬಟ್ಟೆ ಹೊದಿಸಿದ ಮೇಜು, ಮೇಲೆ ಗ್ಯಾಸ್ ಒಲೆ, ಹಿಂದೆ ಕಿಟಕಿಯಿಂದ ಹೊರಗೆ ಹೋದ ಒಂದು ಕಪ್ಪು ಪೈಪು. ಅರಿಶಿನ ಕುಂಕುಮ ಹಚ್ಚಿದ ಹೊಸ ಪಾತ್ರೆ. ನಗರಸಭೆ ಅಧ್ಯಕ್ಷರ ಹೆಂಡತಿ ಒಲೆ ಹಚ್ಚಿದರು. ನೋಡ್ತಾ ನೋಡ್ತಾ ಹಾಲು ಬುಸ್ ಅಂತ ಉಕ್ಕಿ ಪೂರ್ವಕ್ಕೆ ಸುರೀತು.

ಅಷ್ಟೇ. ಜಗಳ ಬಂದ್. ಜನ ಎದ್ದು ಕೈ ಮುಗಿದರು. ಸೆಲ್ವಿ ಕೆನ್ನೆ ಕೆನ್ನೆ ತಟ್ಟಿಕೊಂಡಳು. ಪೂರ್ವಕ್ಕೆ ಉಕ್ಕಿದೆ, ಫ್ಯಾಕ್ಟರಿ ಇರೋದೂ ಅದೇ ದಿಕ್ಕು, ದೇವರೇ ಹೇಳಿದಂಗಾಯ್ತು ಅಂತ ಯಾರೋ ಕೂಗಿದರು. (ಪೂರ್ವಕ್ಕೆ ಸಮುದ್ರ ಇರೋದು. ಆ ಮೇಜಿನ ಪೂರ್ವದ ಕಾಲು ಕುಳ್ಳಗಿತ್ತು. ಯಾರಿಗೆ ಹೇಳೋಣ?)

ನನಗೆ ಕೈ ಮುಗಿಯೋಕೆ ಆಗಲಿಲ್ಲ. ನಾಗಮಂಗಲದ ಹತ್ತಿರ ನಮ್ಮೂರಲ್ಲಿ ಹನ್ನೆರಡು ವರ್ಷ ಗೋಬರ್ ಗ್ಯಾಸಿನಲ್ಲಿ ಅಡುಗೆ ಮಾಡಿದವಳು ನಾನು. ಕೊಳೆತದ್ದರಿಂದ ಬರೋ ಗ್ಯಾಸಿನ ಉರಿ ಮೆತ್ತಗೆ. ಅದಕ್ಕೆ ತೂತು ದೊಡ್ಡದಿರೋ ಒಲೆಯೇ ಬೇರೆ. ಸಿಲಿಂಡರ್ ಒಲೆಗೆ ಅದನ್ನ ಕೊಟ್ಟರೆ ಹಾಲಿರಲಿ, ನೀರೂ ಬೆಚ್ಚಗಾಗಲ್ಲ. ಇಲ್ಲಿದ್ದದ್ದು ಅಂಗಡಿಯಿಂದ ತಂದ ಮಾಮೂಲಿ ಒಲೆ.

ಒಲೆ ಪಕ್ಕ ಹೋಗಿ, ಬಗ್ಗಿ ಮೇಜಿನ ಬಟ್ಟೆ ಎತ್ತಿದೆ. ಕೆಳಗೆ ಸಿಲಿಂಡರ್ ಕೂತಿತ್ತು, ಮದುವೆ ಮನೆಗೆ ಬಂದ ನೆಂಟರ ಹಾಗೆ.

ಇಂಜಿನಿಯರ್ ಓಡಿ ಬಂದ. ತಮಿಳಲ್ಲೇ ಮೆಲ್ಲಗೆ, ಇದು ಸುಮ್ಮನೆ ಡೆಮೊ ಪಾಟಿ, ಜನಕ್ಕೆ ಅರ್ಥ ಆಗ್ಲಿ ಅಂತ ಅಷ್ಟೇ, ಅಂದ. (ಪಾಟಿ ಅಂದ್ರೆ ಅಜ್ಜಿ. ಸುಳ್ಳು ಹೇಳುವಾಗ ಎಲ್ಲರೂ ನೆಂಟರಾಗ್ತಾರೆ.)

“ಆಗಲಪ್ಪಾ. ಗುಡ್ಡಕ್ಕೆ ಮಣ್ಣು ಹಾಕೋದು ಯಾವಾಗ?”

“ಕೊಳ್ಳೋರು ಫೈನಲ್ ಆಗ್ಲಿ ಪಾಟಿ. ಆಮೇಲೆ ಮಣ್ಣು.”

“ಅಲ್ಲೀವರೆಗೆ ಗ್ಯಾಸ್ ಎಲ್ಲಿರುತ್ತೆ?”

ಅವನು ಅಧ್ಯಕ್ಷರ ಮುಖ ನೋಡಿದ.

“ನನ್ನ ಸೊಸೆ ಎದೆಯಲ್ಲಿರುತ್ತೆ,” ಅಂದೆ.

ಅಧ್ಯಕ್ಷರು ನಕ್ಕು, ಪಾಟಿಗೆ ಯಾರಾದ್ರೂ ಕಾಫಿ ಕೊಡ್ರಪ್ಪಾ ಅಂದ್ರು. ಜನರೂ ನಕ್ಕರು. ಸಿಲಿಂಡರ್ ಕಂಡವರೂ ನಕ್ಕರು, ಅದೇ ಆಶ್ಚರ್ಯ. ಫ್ಯಾಕ್ಟರಿಗೇ ಕೊಡೋದು ಅಂತ ಕೈ ಎತ್ತಿಸಿ ಮೀಟಿಂಗ್ ಮುಗಿಸಿದರು. ಹಾಲು ಉಕ್ಕಿದ ಜಾಗದಲ್ಲಿ ಅಪಶಕುನ ಆಡಬಾರದಮ್ಮಾ ಅಂತ ಸೆಲ್ವಿ ದಾರಿಯುದ್ದಕ್ಕೂ ಬುದ್ಧಿ ಹೇಳಿದಳು. ಇವಳ ಮನೆಗೂ ಅದೇ ಹೊಗೆ ನುಗ್ಗೋದು. ಹಾಲು ಉಕ್ಕಿದ ತಕ್ಷಣ ನಮ್ಮ ಜನರ ಕಣ್ಣು ಯಾಕೆ ಮುಚ್ಚಿಕೊಳ್ಳುತ್ತೆ? ಗೃಹಪ್ರವೇಶದಲ್ಲಿ ಹಾಲು ಉಕ್ಕಿದ ಎಷ್ಟು ಮನೆ ಸೋರೋದು ನೋಡಿಲ್ಲ ನಾವು?

ಮನೆಗೆ ಬಂದು ಎಲ್ಲ ಹೇಳಿದೆ. ಮಗ, ನಿಂಗ್ಯಾಕಮ್ಮ ಊರ ಉಸಾಬರಿ ಅಂದ. ಶೋಭಾ ಮಾತ್ರ ಬಟ್ಟೆ ಮಡಿಸ್ತಾ ಒಂದೇ ಮಾತು ಕೇಳಿದಳು.

“ಮಣ್ಣು ಬೇಸಿಗೆಗೆ ಮುಂಚೆ ಬೀಳುತ್ತಾ ಅತ್ತೆ?”

ಅದಕ್ಕೆ ಉತ್ತರ ಹೇಳಬೇಕಾದವರು ಬೇರೆ ಇದ್ದರಲ್ಲ.

ಮಾರನೇ ಬೆಳಿಗ್ಗೆ ಅರ್ಧ ಲೀಟರ್ ಹಾಲನ್ನ ಪಾತ್ರೆಗೆ ಸುರಿದು, ತಟ್ಟೆ ಮುಚ್ಚಿ, ನಗರಸಭೆ ಆಫೀಸಿಗೆ ಹೋದೆ. ಇಂಜಿನಿಯರ್ ಮುಂದಿದ್ದ ಫೈಲಿನ ಮೇಲೆ ಪಾತ್ರೆ ಇಟ್ಟು ಹೇಳಿದೆ: “ಇದನ್ನ ಗುಡ್ಡದ ಗ್ಯಾಸಿನಲ್ಲಿ ಉಕ್ಕಿಸಿಕೊಡಪ್ಪಾ, ಯಾವ ದಿಕ್ಕಿಗಾದ್ರೂ ಸರಿ.” ಹೇಳಿ, ಎದುರಿನ ಕುರ್ಚಿ ಎಳೆದುಕೊಂಡು ಕೂತೆ.