ಕ್ಯಾಪ್ಟನ್ ಎಲ್ಲಿಸ್ ಕೇಳದ ಒಂದು ದಿನ

ಕ್ಯಾಪ್ಟನ್ ಎಲ್ಲಿಸ್ ಕುಳಿತು ಮಾತಾಡಿದ್ದನ್ನು ನಾನು ಕಂಡಿದ್ದೇ ಕಡಿಮೆ. ಕ್ಯಾಲಿಫೋರ್ನಿಯಾದ ಹೇವರ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಎಂಬತ್ತು ದಾಟಿದ್ದರೂ ಬೆಳಗಾದರೆ ಪಾರ್ಕಿಂಗ್ ಲಾಟಿನ ಉದ್ದಕ್ಕೂ ಹೋಗುವುದು, ಬರುವುದು. ಅಲಬಾಮಾದಲ್ಲಿ ವಕೀಲರಾಗಿದ್ದವರು, ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಸೇನಾಧಿಕಾರಿ. ಹೆಂಡತಿ ತೀರಿಕೊಂಡ ಮೇಲೆ ಮಗಳಿಗೆ ಹತ್ತಿರವಿರಲೆಂದು ಇಲ್ಲಿಗೆ ಬಂದಿದ್ದರು. ಪದಗಳನ್ನು ಜಗ್ಗಿ ಜಗ್ಗಿ ಆಡುವ ಅವರ ಅಲಬಾಮಾ ಕಡೆಯ ಇಂಗ್ಲಿಷು ಮೊದಲ ತಿಂಗಳು ನನಗೆ ಅರ್ಧವೂ ತಿಳಿಯಲಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕಿದರೆ ಬಾಗಿಲು ತಟ್ಟುತ್ತಿದ್ದರು: "ಮ್ಯಾಮ್, ಒಳಗೆ ಬರಲು ವಾರಂಟ್ ಬೇಕೇ, ಹಾಗೇ ಬರಬಹುದೇ?"

ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ಒಂದು ಸಂಜೆ ನನ್ನ ಗಂಡ ರಘು ಆಫೀಸಿನಿಂದ ಕಾಗದವೊಂದನ್ನು ತಂದ. ನಾಳೆಯಿಂದ ತಾನಾಗಿಯೇ ಕೆಲಸ ಬಿಡುತ್ತಿರುವುದಾಗಿ ಅದರಲ್ಲಿತ್ತು. ಬೆಳಿಗ್ಗೆ ಸಹಿ ಹಾಕಿ ಕೊಡಬೇಕು. ಕೆಲಸ ಹೋದರೆ ವೀಸಾವೂ ಹೋದಂತೆ.

"ಸೈನ್ ಮಾಡಿ ಮುಗಿಸ್ತೀನಿ ಬಿಡೇ. ಜಗಳ ಆಡಿದ್ರೆ ರೆಫರೆನ್ಸೂ ಸಿಗಲ್ಲ" ಎಂದ.

ನಾನು ಕಾಗದ ಹಿಡಿದು ಪಕ್ಕದ ಮನೆಗೆ ಓಡಿದೆ. ಕ್ಯಾಪ್ಟನ್ ಎರಡು ಸಲ ಓದಿದರು.

"ಕ್ಯಾಲಿಫೋರ್ನಿಯಾದಲ್ಲಿ ನಾನು ವಕೀಲನಲ್ಲ ಮ್ಯಾಮ್, ಬರೀ ಮುದುಕ. ಆದರೂ ಹೇಳ್ತೇನೆ, ಸಹಿ ಬೇಡ. ಆತುರ ಅವರದು, ನಿಮ್ಮದಲ್ಲ. ಕೆಲಸದ ಕೊನೆಯ ತಾರೀಖು ಮುಂದೆ ಹಾಕಿ ಅಂತ ರಘು ಬರೆದು ಕೇಳಲಿ."

ಬೆಳಿಗ್ಗೆ ಹಳೆಯ ಕಂದು ಸೂಟು ತೊಟ್ಟು ನಮ್ಮ ಕಾರಿನಲ್ಲೇ ರಘುವಿನ ಆಫೀಸಿಗೆ ಬಂದರು. ಒಳಗೆ ರಘುವನ್ನು ಮಾತ್ರ ಬಿಟ್ಟರು. ಒಂದು ಗಂಟೆ ಕ್ಯಾಪ್ಟನ್ ಲಾಬಿಯಲ್ಲಿ ಶತಪಥ ಹಾಕಿದರು. ಬಾಗಿಲು ತೆರೆದಾಗಲೆಲ್ಲ ಬೆಚ್ಚಿ ನಿಂತು, ರಘು ಅಲ್ಲವೆಂದು ತಿಳಿದು ಮತ್ತೆ ನಡೆಯುತ್ತಿದ್ದರು. ರಘು ಹೊರಬಂದು "ತಿಂಗಳ ಕೊನೆವರೆಗೂ ಕೊಟ್ರು" ಎಂದಾಗ ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಆ ಮೂರು ವಾರಗಳಲ್ಲೇ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ರಘುವಿಗೆ ಕೆಲಸ ಸಿಕ್ಕಿತು.

ಮರುವರ್ಷ ಕ್ಯಾಪ್ಟನ್ ಬೆರ್ರಿಯೆಸಾದ ನರ್ಸಿಂಗ್ ಹೋಮ್ ಸೇರಿದರು. ನೋಡಲು ಹೋದಾಗ ಕೇಳಿಯೇಬಿಟ್ಟೆ: "ಅವತ್ತು ನಮಗಿಂತ ನೀವೇ ಹೆದರಿದ್ದಿರಿ. ಯಾಕೆ?"

ಹೊದಿಕೆಯ ಅಂಚನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಇಟಲಿಯಲ್ಲಿ ಒಬ್ಬ ಸೈನಿಕನಿಗೆ ನಾನೇ ವಕೀಲ. ಯುದ್ಧ ಬಿಟ್ಟು ಓಡಿದ ಅಂತ ಕೇಸು. ಅವನ ಮನಸ್ಸು ಸ್ಥಿಮಿತದಲ್ಲಿರಲಿಲ್ಲ ಅಂತ ಸಾಕ್ಷಿ ಹೇಳಬೇಕಿದ್ದ ಡಾಕ್ಟರು ಬರುವುದು ಮರುದಿನ. ಒಂದು ದಿನ ಕೊಡಿ ಅಂತ ಕೇಳಬಹುದಿತ್ತು. ವಿಚಾರಣೆ ನಡೆಸುತ್ತಿದ್ದ ಕರ್ನಲ್ ವಾಚು ನೋಡಿಕೊಂಡರು. ನಾನು ಕೇಳಲಿಲ್ಲ."

"ಆಮೇಲೆ?"

"ಇಪ್ಪತ್ತು ವರ್ಷ ಶಿಕ್ಷೆ. ಎರಡನೇ ವರ್ಷ ಜೈಲಿನಲ್ಲೇ ಸತ್ತ."

ನಿಮ್ಮ ತಪ್ಪಲ್ಲ ಅಂದಿದ್ದರೆ ಅವರು ಒಪ್ಪುತ್ತಿರಲಿಲ್ಲ. "ಆ ಸೈನಿಕನ ಹೆಸರೇನು?" ಎಂದೆ. ಹೇಳಿದರು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲವಂತೆ.

ಎಂಟು ದಿನಕ್ಕೆ ಅವರ ಮಗಳು ಫೋನು ಮಾಡಿ, ಅಪ್ಪ ಹೋದರು ಎಂದಳು. ಸೈನಿಕನ ವಿಷಯ ಆಕೆಗೆ ಗೊತ್ತೇ ಇರಲಿಲ್ಲ. ಹೆಸರನ್ನು ನಾನೇ ಹೇಳಿದೆ.