ಜಮಖಾನ ಒಗೆದ ಕೈ

ಗಿರಿಜಾ, ಜಮಖಾನವನ್ನು ಸೋಡಾ ಹಾಕಿ ಕುದಿಸಿದವಳು ನಾನು. ನಿನ್ನ ಹೆಸರು ಹೇಳಿದವಳೂ ನಾನೇ. ಇದು ನಮ್ಮಿಬ್ಬರಿಗೂ ಗೊತ್ತಿದ್ದ ಮಾತು — ಆದರೆ ಇಷ್ಟು ವರ್ಷ ನನ್ನ ಬಾಯಿಂದ ಬಂದಿರಲಿಲ್ಲ.

ಏಕೀಕರಣವಾದ ಮರುವರ್ಷದ ಶ್ರಾವಣ. ನೀನು ನನ್ನ ಮೈದುನನ ಹೆಂಡತಿಯಾಗಿ ಸಾರಥಿ ಹಳ್ಳಿಯಿಂದ ದಾವಣಗೆರೆಯ ನಮ್ಮ ಮನೆಗೆ ಬಂದ ಹೊಸತು. ನಾನು ಹಿರಿಸೊಸೆ. ನಾದಿನಿ ಕಮಲಾಳನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬರುವವರಿದ್ದರು. ನಡುಮನೆಗೆ ಹಾಸುವ ಕೆಂಪು-ಬಿಳಿ ಪಟ್ಟಿಯ ಜಮಖಾನ ಜಿಡ್ಡು ಹಿಡಿದು ಮಾಸಿಹೋಗಿತ್ತು. ಮಡಿವಾಳರಿಗೆ ಹಾಕುವುದು ದಂಡ, ಮನೆಯಲ್ಲೇ ಒಗೆಯಿರಿ ಎಂದರು ಅತ್ತೆ. ನನಗೂ ಅದೇ ಬೇಕಿತ್ತು. ಕೈಹಿಡಿತದ ಸೊಸೆ ಎಂದು ಅವರಿಂದ ಅನ್ನಿಸಿಕೊಳ್ಳುವ ಚಟ ನನಗೆ — ಬೂದಿಯಲ್ಲಿ ಪಾತ್ರೆ ತಿಕ್ಕಿ, ಹಳೆ ಸೀರೆಯಲ್ಲಿ ಕೌದಿ ಹೊಲಿದು ಗಳಿಸಿದ ಹೆಸರು ಅದು.

ಗಂಡಸರ ಬಿಳಿ ಧೋತರಗಳನ್ನು ಹಂಡೆಯಲ್ಲಿ ಸೋಡಾ ಹಾಕಿ ಕುದಿಸುವುದು ನಮ್ಮ ಮನೆಯ ವಾಡಿಕೆ. ಜಮಖಾನವನ್ನೂ ಹಾಗೇ ಕುದಿಸಿದರೆ ಉಜ್ಜುವುದೂ ತಪ್ಪುತ್ತದೆ, ಸಾಬೂನೂ ಉಳಿಯುತ್ತದೆ ಅಂದುಕೊಂಡೆ. ಅಂಟುವಾಳದ ಕಾಯಿ ಜಜ್ಜುತ್ತ ಕೂತಿದ್ದ ನೀನು ತಲೆಯೆತ್ತಿದೆ.

“ಅಕ್ಕಾ, ಬಣ್ಣದ್ದಕ್ಕೆ ಸೋಡಾ ಬ್ಯಾಡ್ರಿ, ಬಣ್ಣ ಬಿಡ್ತೈತೆ. ತಣ್ಣೀರು, ಅಂಟುವಾಳ ಸಾಕು.”

“ಸಾರಥಿಯಿಂದ ಬಂದು ನನಗೆ ಒಗ್ಯಾದು ಕಲಸ್ತೀಯೇನು?” ಎಂದೆ. ನೀನು ಮತ್ತೆ ಕಾಯಿ ಜಜ್ಜತೊಡಗಿದೆ.

ಹಂಡೆಯ ನೀರು ಕೆಂಪಗಾಯಿತು. ಗಡಿಬಿಡಿಯಲ್ಲಿ ಜಾಲಿಸಿ ಹಿತ್ತಲ ಗೋಡೆಯ ಮೇಲೆ ಹರವಿದೆ. ಮೋಡದ ದಿನ. ಮರುದಿನ ಮೇಲಿಂದ ನೋಡಿದರೆ ಚೆಂದವೇ ಕಂಡಿತು, ಒಳಗೆ ಇನ್ನೂ ಹಸಿಯಿತ್ತು. ಅದು ನನ್ನ ಕೈಗೆ ತಿಳಿದಿತ್ತು. ಚಾಪೆ ಹಾಸಿದ್ದರೆ ಆಗುತ್ತಿತ್ತು... ಆದರೆ ಅತ್ತೆಯ ಹೊಗಳಿಕೆ ಕೇಳಬೇಕಿತ್ತಲ್ಲ, ಜಮಖಾನವನ್ನೇ ಹಾಸಿದೆ.

ಹರಿಹರದ ಹಿರಿಯರು ಬಿಳಿ ಧೋತರ ಉಟ್ಟು ಬಂದು ಅದರ ಮೇಲೆ ಕೂತರು. ಮಾತು ಚೆನ್ನಾಗಿಯೇ ನಡೆಯಿತು, ಉಪ್ಪಿಟ್ಟು ಚಹಾ ಆಯಿತು. ಎದ್ದು ನಿಂತಾಗ ಹುಡುಗನ ದೊಡ್ಡಪ್ಪನ ಧೋತರದ ಹಿಂಭಾಗವೆಲ್ಲ ಕೆಂಪು. ಪಕ್ಕದಲ್ಲಿದ್ದವರದ್ದೂ ಹಾಗೇ. “ಒಳ್ಳೆ ಕೆಲಸಕ್ಕೆ ಬಂದಾಗ ಹಿಂಗಾಗಬಾರದಿತ್ತು” ಎಂದಷ್ಟೇ ಹೇಳಿ ಹೊರಟರು. ಆ ಸಂಬಂಧ ಅಲ್ಲಿಗೇ ಮುರಿಯಿತು.

ಅತ್ತೆ ಕದ ಮುಂದೆ ಮಾಡಿ ಕೇಳಿದರು: “ಯಾರು ಒಗೆದಿದ್ದು ಇದನ್ನ?”

“ಗಿರಿಜಾ.”

ನೀನು ನನ್ನ ಮುಖ ನೋಡಿದೆ. ಹೊಸ ಸೊಸೆ, ನಿನ್ನ ಮಾತನ್ನು ನಂಬುವವರು ಯಾರಿದ್ದರು? ನಾನು ಬಗ್ಗಿ ಜಮಖಾನ ಸುತ್ತತೊಡಗಿದೆ.

“ಈಕಿ ಕೈಗುಣ ಸರಿ ಇಲ್ಲ” ಎಂದರು ಅತ್ತೆ. ಕಮಲಾಳಿಗೆ ಆಮೇಲೆ ಶಾಮನೂರಿನಲ್ಲಿ ಒಳ್ಳೆಯ ಮನೆಯೇ ಸಿಕ್ಕಿತು, ಅವಳದೇನೂ ಕೆಡಲಿಲ್ಲ. ಕೆಟ್ಟದ್ದು ನಿನ್ನ ಹೆಸರು. ಅವಳ ಮದುವೆಯಲ್ಲಿ ನಿನ್ನ ಕೈಗೆ ಕಳಸ ಕೊಡಲಿಲ್ಲ. ಅರಿಶಿಣ ಕುಟ್ಟುವಾಗ, ತೊಟ್ಟಿಲು ತೂಗುವಾಗ, ಯಾವ ಶುಭಕಾರ್ಯ ಬಂದರೂ — ಗಿರಿಜಾ ಬ್ಯಾಡ. ಅತ್ತೆ ತೀರಿಕೊಂಡ ಮೇಲೂ ಆ ಮಾತು ಉಳಿಯಿತು. ಉಳಿಸಿದ್ದು ನಾನು, ಬಾಯಿ ಮುಚ್ಚಿಕೊಂಡು. ಒಲೆಯ ಮುಂದೆ ನಾವಿಬ್ಬರೇ ಇದ್ದಾಗ ಹೇಳಿಬಿಡೋಣ ಎಂದು ಬಾಯಿ ತೆರೆದು, ಉಪ್ಪು ಎಲ್ಲಿ ಎಂದು ಕೇಳಿದ್ದೇನೆ. ಎಂಥ ಹೇಡಿ ನಾನು.

ಕೊನೆಗೆ ನಿನ್ನ ಮಗಳ ಮದುವೆ ಬಂತು. ಇವತ್ತಾದರೂ — ಎಂದುಕೊಂಡು ಆರತಿ ತಟ್ಟೆ ನಿನ್ನ ಮುಂದೆ ಹಿಡಿದೆ. “ನಿನ್ನ ಮಗಳು, ನೀನೇ ಬೆಳಗು” ಎಂದೆ. ನೀನು ಹಿಂದೆ ಸರಿದು, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

“ಬ್ಯಾಡ ಅಕ್ಕಾ, ನನ್ನ ಕೈ ಒಳ್ಳೇದಲ್ಲ. ಮಗಳಿಗೆ ಏನರ ಆದೀತು. ನೀವಾ ಬೆಳಗ್ರಿ.”

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಸೋಡಾ ಹಾಕಿದವರು ಯಾರೆಂದು ಕಣ್ಣಾರೆ ಕಂಡವಳು ನೀನು — ನೀನೇ ನನ್ನ ಸುಳ್ಳನ್ನು ನಂಬಿಬಿಟ್ಟಿದ್ದೆ. ಮಂಟಪದ ತುಂಬ ನಮ್ಮವರೇ ಇದ್ದರು, ಆಗಲಾದರೂ ಹೇಳಬಹುದಿತ್ತು. ನಾನು ಹೇಳಲಿಲ್ಲ. ತಟ್ಟೆ ಎತ್ತಿ, ನಿನ್ನ ಮಗಳಿಗೆ ನಾನೇ ಆರತಿ ಬೆಳಗಿದೆ.