ಭಾವನ ಮೂವತ್ತು ಸೆಕೆಂಡು
ನಮ್ಮ ಭಾವನವರಿಗೆ ಸೂರ್ಯಾಸ್ತದ ಫೋಟೋ ಹುಚ್ಚು ಹಿಡಿದು ಆರು ತಿಂಗಳಾಯಿತು. ಸಮುದ್ರಕ್ಕೆ ಇನ್ನೂ ಹುಚ್ಚು ಹಿಡಿಯದಿರುವುದೇ ಪುಣ್ಯ. ಒಂದೊಂದು ಚಿತ್ರಕ್ಕೂ ಕ್ಯಾಮೆರಾದ ಕಣ್ಣು ಮೂವತ್ತು ಸೆಕೆಂಡ್ ತೆರೆದೇ ಇರಬೇಕಂತೆ. ಅದರ ಮುಕ್ಕಾಲಿ ಸ್ಟ್ಯಾಂಡನ್ನು ಹಸಿ ಮರಳಲ್ಲಿ ಊರಿ, "ಮೂವತ್ತು ಸೆಕೆಂಡ್ ಯಾರೂ ಅಡ್ಡ ಬರಬೇಡಿ!" ಎಂದು ದಡದವರ ಮೇಲೆಲ್ಲ ಹರಿಹಾಯುತ್ತಾರೆ. ಅಲೆ ಬಂದು ಸ್ಟ್ಯಾಂಡಿನ ಅಡಿಯ ಮರಳನ್ನೇ ಎಳೆದೊಯ್ದು ಚಿತ್ರ ಕಲಸಿಹೋದರೆ, ಬೈಗುಳ ಮಾತ್ರ ನಮ್ಮಕ್ಕನಿಗೆ: "ನೀನು ಓಡಾಡಿದ್ದಕ್ಕೇ ಹಾಳಾಯ್ತು ನೋಡು!" ಕೇಳಿದರೆ ಮೈ ಉರಿಯುತ್ತದೆ. ಪಾಪದ ಅಕ್ಕ ಈಗ ಬಂಡೆಯ ಮೇಲೆ ಉಸಿರು ಬಿಗಿಹಿಡಿದು ಕೂರುತ್ತಾಳೆ. ಮೊನ್ನೆ ಕೊನೆಗೂ ಒಂದು ಚಿತ್ರ ಸರಿಯಾಗಿ ಬಂತು. ಅಲೆಗಳು ಹಾಲಿನಂತೆ ಹರಡಿದ್ದವು. ಮೂವತ್ತು ಸೆಕೆಂಡೂ ಓಡಾಡುತ್ತಲೇ ಇದ್ದ ಜನರೆಲ್ಲ ಅಳಿಸಿಹೋಗಿದ್ದರು. ಅಲ್ಲಾಡದೆ ಕೂತಿದ್ದ ಅಕ್ಕ ಮಾತ್ರ ಸ್ಪಷ್ಟವಾಗಿದ್ದಳು. ಭಾವ ಹಲ್ಲು ಕಡಿದರು: "ಥೂ, ಇವಳೊಬ್ಬಳು ಉಳ್ಕೊಂಡ್ಬಿಟ್ಲು!"